ಶಿಶುಪಾಲಗಡ ನೋಡುವುದು ಹೇಗೆ: ನನ್ನ ಅನುಭವ

ಪುರಿ, ಕೊಣಾರ್ಕ್‌ಗೆ ಹೋಗುವ ನಮ್ಮವರು ಹೆಚ್ಚಾಗಿ ಭುವನೇಶ್ವರದ ಮೇಲೇ ಹೋಗುತ್ತಾರೆ. ಆದರೆ ಅದೇ ಊರಿನ ಅಂಚಿನಲ್ಲಿರುವ ಶಿಶುಪಾಲಗಡ ಅನ್ನುವ ಪ್ರಾಚೀನ ಕೋಟೆ-ಪಟ್ಟಣದ ಕಡೆ ತಲೆ ಹಾಕುವವರು ಕಮ್ಮಿ. ತಪ್ಪೇನಿಲ್ಲ ಬಿಡಿ, ಕೋಟೆ ಅಂದ ತಕ್ಷಣ ಚಿತ್ರದುರ್ಗ ನೆನಪಾಗುವ ನಮಗೆ ಅಲ್ಲಿ ಸಿಗುವುದು ಹುಲ್ಲು ಬೆಳೆದ ಮಣ್ಣಿನ ದಿಬ್ಬ.

ಅದಕ್ಕೇ ನಾನು ಹೊರಡುವ ಮೊದಲು ಫೋನಿನಲ್ಲಿ ಉಪಗ್ರಹ ನಕ್ಷೆ ತೆಗೆದು ಕೂತೆ. ಇದನ್ನು ಮಾಡದೆ ಹೋಗಲೇಬೇಡಿ. ಮೇಲಿಂದ ನೋಡಿದರೆ ಮಾತ್ರ ಕೋಟೆಯ ಚೌಕಾಕಾರ ಕಣ್ಣಿಗೆ ಬೀಳುತ್ತದೆ: ಒಂದೊಂದು ಬದಿಯೂ ಕಿಲೋಮೀಟರಿಗಿಂತ ಜಾಸ್ತಿ ಉದ್ದ, ಬದಿಗೆ ಎರಡರಂತೆ ಒಟ್ಟು 8 ಬಾಗಿಲು. ಪಕ್ಕದಲ್ಲೇ ಗಂಗುವಾ ಹಳ್ಳ.

ಆಟೋದವರಿಗೆ ಬರೀ ಊರಿನ ಹೆಸರು ಹೇಳಿದರೆ ಬಡಾವಣೆಯಲ್ಲಿ ಇಳಿಸಿಬಿಡುತ್ತಾರೆ. 'ಶೋಳ ಖಂಬ' (ಹದಿನಾರು ಕಂಬ) ಅನ್ನಿ. ಕೋಟೆಯ ಒಳಗೆ ನಿಂತಿರುವ ಜಂಬಿಟ್ಟಿಗೆ ಕಲ್ಲಿನ ಕಂಬಗಳವು. ಬಂದವರು ಅಲ್ಲೇ ಫೋಟೋ ತೆಗೆದು ವಾಪಸ್ಸಾಗುತ್ತಾರೆ, ಆದರೆ ನನ್ನ ಪ್ರಕಾರ ನೋಡಬೇಕಾದ್ದು ಶುರುವಾಗುವುದೇ ಅಲ್ಲಿಂದ ಪಶ್ಚಿಮದ ಬಾಗಿಲಿನ ಕಡೆ ನಡೆದಾಗ.

ದಿಬ್ಬದ ಮಣ್ಣು ಕುಸಿದಿರುವ ಕಡೆ ಸ್ವಲ್ಪ ಬಗ್ಗಿ ನೋಡಿ. ಕೆಳಗೆ ಜೇಡಿಮಣ್ಣು, ಅದರ ಮೇಲೆ ಕೆಂಪು ಜಂಬಿಟ್ಟಿಗೆ ಜಲ್ಲಿ, ಕೆಲವೆಡೆ ಇಟ್ಟಿಗೆ ಚೂರು. 1948ರಲ್ಲಿ ಪುರಾತತ್ವಜ್ಞ ಬಿ.ಬಿ. ಲಾಲ್ ಇಲ್ಲಿ ಅಗೆಸಿದಾಗ ಸಿಕ್ಕಿದ್ದೂ ಇದೇ ಕ್ರಮ. ಮೊದಲ ಹಂತದಲ್ಲಿ ಬರೀ ಜೇಡಿಮಣ್ಣಿನ ದಿಬ್ಬ, ಸುಮಾರು 25 ಅಡಿ ಎತ್ತರ, ಬುಡದಲ್ಲಿ 110 ಅಡಿಗೂ ಹೆಚ್ಚು ಅಗಲ! ಆಮೇಲೆ ಅದರ ಮೇಲೆ ಜಲ್ಲಿ ಹೊದಿಸಿದರು, ಕೊನೆಗೆ ಎರಡು ಸಾಲು ಇಟ್ಟಿಗೆ ಗೋಡೆ ಕಟ್ಟಿ ನಡುವೆ ಮಣ್ಣು ತುಂಬಿದರು. ಇಷ್ಟು ಮಣ್ಣು ಹೊತ್ತವರು ಯಾರು, ಹೊರಿಸಿದವರು ಯಾರು ಅಂತ ತಲೆ ಕೆಡಿಸಿಕೊಂಡು ಸುಮ್ನೆ ದಿಬ್ಬದ ಮೇಲೆ ಕೂತಿದ್ದೆ.

ಧೌಳಿಯನ್ನೂ ಅದೇ ದಿನ ನೋಡಿಬಿಡಿ, ಹತ್ತಿರವೇ. ಅಲ್ಲಿ ಅಶೋಕ ತೋಸಲಿ ಅನ್ನುವ ಪಟ್ಟಣದ ಅಧಿಕಾರಿಗಳಿಗೆ ಬರೆಸಿದ ಶಾಸನ ಇದೆ. ಆ ತೋಸಲಿ ಶಿಶುಪಾಲಗಡದ ಈ ಕೋಟೆಯೇ ಅನ್ನುವ ವಿದ್ವಾಂಸರಿದ್ದಾರೆ. ಧೌಳಿಯಲ್ಲಿರುವ, 'ಪ್ರತ್ಯೇಕ ಶಾಸನ' ಅಂತ ಕರೆಯುವ ಎರಡು ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ, ಗೊತ್ತಲ್ವಾ?

ಡಿಸೆಂಬರ್, ಜನವರಿಯೇ ಒಳ್ಳೆಯದು. ಮಳೆ ಮುಗಿದ ಹೊಸತರಲ್ಲಿ ಹುಲ್ಲು ಎಲ್ಲವನ್ನೂ ಮುಚ್ಚಿರುತ್ತದೆ, ಹಾವಿನ ಭಯ ಬೇರೆ. ಶೂ ಹಾಕಿ, ಮಡಕೆ ಚೂರು ಕಂಡರೆ ಜೇಬಿಗೆ ಹಾಕಬೇಡಿ. ಹೋಗುವುದಿದ್ದರೆ ಬೇಗ ಹೋಗಿ, ಮನೆಗಳು ದಿಬ್ಬದ ಬುಡಕ್ಕೇ ಬಂದಿವೆ.