ಹಳೆಯ ಫೋನ್ ನಡೆಯುತ್ತಿರುವಾಗಲೇ ಅಮ್ಮನಿಗೆ ಹೊಸದು ಕೊಂಡೆ: ನನ್ನ ಅನುಭವ

ಅಪ್ಪ ಅಮ್ಮನ ಫೋನ್ ಬದಲಿಸುವ ಮಾತು ಸಾಮಾನ್ಯವಾಗಿ ಎರಡೇ ಸಂದರ್ಭದಲ್ಲಿ ಏಳುತ್ತದೆ. ಫೋನ್ ಪೂರ್ತಿ ಕೆಟ್ಟು ಕೂತಾಗ, ಇಲ್ಲವೇ ಎಲ್ಲೋ ದೊಡ್ಡ ರಿಯಾಯಿತಿ ಕಣ್ಣಿಗೆ ಬಿದ್ದಾಗ. ಅಮ್ಮನ ವಿಷಯದಲ್ಲಿ ನಾನು ಈ ಎರಡಕ್ಕೂ ಕಾಯಲಿಲ್ಲ. ಹಳೆಯದು ಇನ್ನೂ ನಡೆಯುತ್ತಿರುವಾಗಲೇ ಹೊಸದು ಕೊಂಡೆ. ಕಡಿಮೆ ಬೆಲೆಯ ಫೋನ್ ಹುಡುಕುವವರಿಗೆ ಇದು ಸುಮ್ನೆ ದುಡ್ಡು ಹಾಳು ಅನ್ನಿಸಬಹುದು. ನನಗೆ ಮಾತ್ರ ದುಡ್ಡು ಉಳಿದದ್ದೇ ಹೀಗೆ.

ಫೋನ್ ಸತ್ತ ಮೇಲೆ ಕೊಳ್ಳುವಾಗ ಆಯ್ಕೆ ಮಾಡಲು ಸಮಯವೇ ಇರುವುದಿಲ್ಲ. ಅವತ್ತು ಸಿಕ್ಕಿದ್ದನ್ನು, ಅವತ್ತಿನ ಬೆಲೆಗೆ ತರಬೇಕು. ಒಳಗಿದ್ದ ಫೋಟೋ, ವಾಟ್ಸಾಪ್ ಮಾತುಕತೆ ತೆಗೆಯುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ವಯಸ್ಸಾದವರು ಹೊಸ ಫೋನನ್ನು ಗಾಬರಿಯಲ್ಲೇ ಕಲಿಯಬೇಕಾಗುತ್ತದೆ. ಕೈಯಲ್ಲಿ ಹಳೆಯದು ಕೆಲಸ ಮಾಡುತ್ತಿದ್ದರೆ ಹೊಸದನ್ನು ನಿಧಾನಕ್ಕೆ ಕಲಿಯಬಹುದು. ಇಲ್ಲದಿದ್ದರೆ ಮೊದಲ ದಿನದಿಂದಲೇ "ಇದು ನನಗೆ ಬರಲ್ಲ" ಅನ್ನುವ ಭಾವನೆ ಕೂತುಬಿಡುತ್ತದೆ. ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಹಾಗಾದರೆ ಸಮಯ ಬಂದಿದೆ ಅಂತ ಗೊತ್ತಾಗುವುದು ಹೇಗೆ? ಅಮ್ಮನನ್ನೇ ಕೇಳಿದರೆ ಉತ್ತರ ಒಂದೇ: "ನನಗೆ ಇದೇ ಸಾಕು, ಸುಮ್ನೆ ಯಾಕೆ ಖರ್ಚು ಮಾಡ್ತೀಯ?" ಆದ್ದರಿಂದ ನಾನು ಕೇಳುವುದನ್ನು ಬಿಟ್ಟು ನೋಡಲು ಶುರು ಮಾಡಿದೆ. ಅವಳು ಏನು ದೂರುತ್ತಾಳೆ ಅನ್ನುವುದಕ್ಕಿಂತ ಏನನ್ನು ಮಾಡುವುದು ನಿಲ್ಲಿಸಿದ್ದಾಳೆ ಅನ್ನುವುದರಲ್ಲಿ ಜಾಸ್ತಿ ಸುಳಿವು ಸಿಕ್ಕಿತು. ಮೊದಲು ಅವಳಾಗಿಯೇ ವಿಡಿಯೋ ಕಾಲ್ ಮಾಡುತ್ತಿದ್ದಳು, ಅದು ನಿಂತಿತ್ತು. ಫೋಟೋ ಕಳಿಸುವುದೂ ಇಲ್ಲ. ಹೊರಗೆ ಹೋಗುವಾಗ ಫೋನ್ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು, ಯಾಕೆಂದರೆ ಅರ್ಧ ದಾರಿಯಲ್ಲಿ ಚಾರ್ಜ್ ಮುಗಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಇದ್ಯಾವುದನ್ನೂ ಅವಳು ತೊಂದರೆ ಅಂತ ಹೇಳಿಕೊಂಡಿರಲಿಲ್ಲ. ಫೋನ್‌ಗೆ ತಕ್ಕಂತೆ ತಾನೇ ಬದಲಾಗಿಬಿಟ್ಟಿದ್ದಳು.

ಆದರೂ ತಕ್ಷಣ ಕೊಳ್ಳಲಿಲ್ಲ. ಇವುಗಳಲ್ಲಿ ಎಷ್ಟು ದುರಸ್ತಿಯಿಂದ ಸರಿಹೋಗುತ್ತದೆ ಅಂತ ಮೊದಲು ನೋಡಬೇಕಿತ್ತು. ಸ್ಟೋರೇಜ್ ತುಂಬಿತ್ತು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಿಸುವ ಜಾಗ ಒಂದಿದೆ. 5 ಎಂಬಿಗಿಂತ ದೊಡ್ಡ ಫೈಲುಗಳು ಮತ್ತು ಹಲವು ಸಲ ಫಾರ್ವರ್ಡ್ ಆಗಿ ಬಂದವು ಅಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳು ಬೇಡ ಅಂದದ್ದನ್ನು ಮಾತ್ರ ಅಳಿಸಿದೆ. ವಿಡಿಯೋಗಳು ತಾವಾಗಿಯೇ ಡೌನ್‌ಲೋಡ್ ಆಗದಂತೆ ಮಾಡಿದೆ. ಆಮೇಲೆ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಮತ್ತು ಡಿಸ್‌ಪ್ಲೇ ಗಾತ್ರ ಎರಡನ್ನೂ ಹೆಚ್ಚಿಸಿದೆ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಮಾಡುತ್ತಾರೆ, ಆಗ ಬರಹ ದೊಡ್ಡದಾದರೂ ಒತ್ತಬೇಕಾದ ಬಟನ್‌ಗಳು ಚಿಕ್ಕದಾಗಿಯೇ ಉಳಿಯುತ್ತವೆ. ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಬೆರಳು ಎಷ್ಟು ಹೊತ್ತು ಒತ್ತಿದರೆ ಅದು "ಒತ್ತಿ ಹಿಡಿದದ್ದು" ಅಂತ ಫೋನ್ ತಿಳಿಯಬೇಕು ಅನ್ನುವುದನ್ನೂ ಬದಲಿಸಬಹುದು. ನಿಧಾನವಾಗಿ ಒತ್ತುವ ಕೈಗಳಿಗೆ ಇದು ದೊಡ್ಡ ಉಪಕಾರ. ಸ್ಪೀಕರ್ ಜಾಲರಿಯ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದಾಗ ಕಾಲ್‌ನ ಧ್ವನಿ ಕೂಡ ಏರಿತು.

ಇಷ್ಟರಿಂದಲೇ ಕೆಲವು ತಿಂಗಳು ಆರಾಮಾಗಿ ಕಳೆದವು. ನಿಮ್ಮ ಮನೆಯ ಫೋನಿಗೂ ಇದೇ ಸಾಕಾಗಬಹುದು. ಸಾಕಾದರೆ ಹೊಸದು ಬೇಡ.

ನಮಗೆ ಸಾಕಾಗಲಿಲ್ಲ. ಬ್ಯಾಟರಿ 30 ಪರ್ಸೆಂಟ್ ತೋರಿಸುತ್ತಾ ಇದ್ದಕ್ಕಿದ್ದಂತೆ ಫೋನ್ ಆಫ್ ಆಗುತ್ತಿತ್ತು. ಲಿಥಿಯಂ ಅಯಾನ್ ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ತಡೆ ಹೆಚ್ಚುತ್ತದೆ. ಕ್ಯಾಮೆರಾ ಅಥವಾ ವಿಡಿಯೋ ಕಾಲ್ ತೆರೆದಾಗ ಜಾಸ್ತಿ ಕರೆಂಟ್ ಬೇಕಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಫೋನ್ ನಿಂತುಹೋಗುತ್ತದೆ. ಅಮ್ಮ ವಿಡಿಯೋ ಕಾಲ್ ಬಿಟ್ಟದ್ದು ಇದಕ್ಕೇ. ಫೋನ್ ಬ್ಯಾಟರಿಗಳಲ್ಲಿ ಬಹಳಷ್ಟು, ಸುಮಾರು 500 ಪೂರ್ತಿ ಚಾರ್ಜ್ ಸುತ್ತುಗಳ ನಂತರ ಮೂಲ ಸಾಮರ್ಥ್ಯದ 80 ಪರ್ಸೆಂಟ್ ಉಳಿಯುವಂತೆ ತಯಾರಾದವು. ಈಚಿನ ಕೆಲವು ಅದಕ್ಕಿಂತ ಜಾಸ್ತಿ ತಾಳುತ್ತವೆ. ದಿನಕ್ಕೊಂದು ಸುತ್ತು ಅಂದುಕೊಂಡರೆ 500 ಸುತ್ತು ಒಂದೂವರೆ ವರ್ಷದೊಳಗೇ ಮುಗಿಯುತ್ತದೆ. ಒಂದು ಎಚ್ಚರಿಕೆ ಹೇಳಲೇಬೇಕು: ಹಿಂಬದಿಯ ಮುಚ್ಚಳ ಉಬ್ಬಿದ್ದರೆ ಅಥವಾ ಪರದೆ ಮೇಲಕ್ಕೆ ಎದ್ದಿದ್ದರೆ ಯಾವ ಲೆಕ್ಕಾಚಾರವೂ ಬೇಡ. ಚಾರ್ಜ್‌ಗೆ ಹಾಕಬೇಡಿ, ಒತ್ತಬೇಡಿ. ಅವತ್ತೇ ಬಳಕೆ ನಿಲ್ಲಿಸಿ.

ಬ್ಯಾಟರಿ ಬದಲಿಸಿದರೆ ಹೊಸ ಫೋನ್‌ಗಿಂತ ಎಷ್ಟೋ ಕಡಿಮೆ ಖರ್ಚು. ಹಾಗಾಗಿ ಬದಲಿಸುವುದೋ ಬೇಡವೋ ಅಂತ ತೀರ್ಮಾನಿಸಲು ನಾನು ಇನ್ನೊಂದು ವಿಷಯ ನೋಡಿದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಫೋನ್ ಬಗ್ಗೆ, ಆಂಡ್ರಾಯ್ಡ್ ಆವೃತ್ತಿ ಅಂತ ಒಳಗೆ ಹೋದರೆ ಭದ್ರತಾ ಅಪ್‌ಡೇಟ್‌ನ, ಅಂದರೆ ಕಳ್ಳರು ನುಗ್ಗಬಹುದಾದ ತೂತುಗಳನ್ನು ಮುಚ್ಚುವ ತಿದ್ದುಪಡಿಯ, ತಾರೀಖು ಕಾಣುತ್ತದೆ. ಕೆಲವು ಕಂಪನಿಗಳ ಫೋನ್‌ಗಳಲ್ಲಿ ದಾರಿ ಸ್ವಲ್ಪ ಬೇರೆ. ಆವೃತ್ತಿಯ ಸಂಖ್ಯೆಗಿಂತ ನನಗೆ ಈ ತಾರೀಖು ಮುಖ್ಯ. ಆಂಡ್ರಾಯ್ಡ್‌ನ ಭದ್ರತಾ ತಿದ್ದುಪಡಿಗಳ ವಿವರವನ್ನು ಗೂಗಲ್ 2015ರ ಆಗಸ್ಟ್‌ನಿಂದ ತಿಂಗಳಿಗೊಮ್ಮೆ ಪ್ರಕಟಿಸುತ್ತಾ ಬಂದಿದೆ. ಅವುಗಳನ್ನು ನಿಮ್ಮ ಫೋನಿಗೆ ತಲುಪಿಸಬೇಕಾದದ್ದು ಫೋನ್ ತಯಾರಿಸಿದ ಕಂಪನಿ. ಅಮ್ಮನ ಫೋನ್‌ನ ತಾರೀಖು ವರ್ಷಕ್ಕಿಂತ ಹಳೆಯದಾಗಿತ್ತು. ಆ ಮಾದರಿಗೆ ಅಪ್‌ಡೇಟ್ ನಿಂತೇ ಹೋಗಿತ್ತು.

ಅಪ್‌ಡೇಟ್ ನಿಂತ ಮರುದಿನವೇ ಫೋನ್ ಅಪಾಯಕಾರಿ ಆಗುತ್ತದೆ ಅಂತಲ್ಲ. ಆಂಡ್ರಾಯ್ಡ್ 10ರಿಂದೀಚೆಗೆ ವ್ಯವಸ್ಥೆಯ ಕೆಲವು ಭಾಗಗಳು ಗೂಗಲ್ ಪ್ಲೇ ಮೂಲಕವೇ ಹೊಸದಾಗುತ್ತವೆ. ಆದರೆ ಕರ್ನಲ್ (ವ್ಯವಸ್ಥೆಯ ತಿರುಳು), ಚಿಪ್‌ಗೆ ಸೇರಿದ ಡ್ರೈವರ್‌ಗಳ (ಚಿಪ್ ನಡೆಸುವ ತಂತ್ರಾಂಶ) ತೂತುಗಳು ಹಾಗೇ ಉಳಿಯುತ್ತವೆ. ಬರೀ ಹಾಡು ಕೇಳುವ ಫೋನ್ ಆಗಿದ್ದರೆ ನಾನು ಚಿಂತೆ ಮಾಡುತ್ತಿರಲಿಲ್ಲ. ಅಮ್ಮನ ಬ್ಯಾಂಕ್ ಆ್ಯಪ್, ಒಟಿಪಿ, ಇಮೇಲ್ ಎಲ್ಲಾ ಅದರಲ್ಲೇ ಇವೆ. ಅವಳ ಉಳಿತಾಯಕ್ಕೆ ಬೀಗ ಇರುವುದು ಆ ಫೋನ್‌ನಲ್ಲೇ ಅಲ್ವಾ?

ಇನ್ನೂ ಆ್ಯಪ್‌ಗಳು ನಡೆಯುತ್ತಿವೆಯಲ್ಲ ಅಂತ ಕಾಯುವವರಿದ್ದಾರೆ. ಆ ಸೂಚನೆ ಬರುವುದು ತೀರಾ ತಡವಾಗಿ. ವಾಟ್ಸಾಪ್ 2023ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಆವೃತ್ತಿಗಳನ್ನು ಕೈಬಿಟ್ಟಿತು. ಆಂಡ್ರಾಯ್ಡ್ 5 ಬಂದದ್ದು 2014ರಲ್ಲಿ. ಭದ್ರತಾ ಅಪ್‌ಡೇಟ್ ನಿಂತು ಎಷ್ಟೋ ವರ್ಷಗಳಾದ ಮೇಲೂ ವಾಟ್ಸಾಪ್ ನಡೆಯುತ್ತಲೇ ಇರಬಹುದು ಅಂತಾಯಿತು.

ಇಲ್ಲಿಗೆ ನನ್ನ ಲೆಕ್ಕ ಸರಳವಾಯಿತು. ಬ್ಯಾಟರಿ ಸೋತಿದೆ, ಅಪ್‌ಡೇಟ್ ಇನ್ನೂ ಬರುತ್ತಿದೆ ಅಂದರೆ ಬ್ಯಾಟರಿ ಬದಲಿಸಬೇಕು. ಅಪ್‌ಡೇಟ್ ನಿಂತಿದೆ, ಬ್ಯಾಟರಿ ಚೆನ್ನಾಗಿದೆ ಅಂದರೆ ಹೊಸದಕ್ಕೆ ದುಡ್ಡು ಕೂಡಿಡಲು ಶುರು ಮಾಡಬೇಕು, ಅವಸರ ಇಲ್ಲ. ಎರಡೂ ಒಟ್ಟಿಗೆ ಮುಗಿದಿದ್ದರೆ ಹಳೆಯದರ ಮೇಲೆ ಇನ್ನೇನೂ ಸುರಿಯಬಾರದು.

ಆಮೇಲೆ ಬೆಲೆಯ ಮಾತು. ಹೊಸ ಮಾದರಿ ಬಂದಾಗ ಹಳೆಯ ಮಾದರಿ ಅಗ್ಗವಾಗುತ್ತದೆ, ಆಗ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಇದನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಂಪನಿಗಳು ಹೇಳುವ ಅಪ್‌ಡೇಟ್ ವರ್ಷಗಳನ್ನು ಸಾಮಾನ್ಯವಾಗಿ ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸುತ್ತಾರೆ, ನೀವು ಕೊಂಡ ದಿನದಿಂದ ಅಲ್ಲ. ನಾಲ್ಕು ವರ್ಷದ ಮಾತು ಕೊಟ್ಟ ಫೋನನ್ನು ಎರಡು ವರ್ಷದ ನಂತರ ಕೊಂಡರೆ ಕೈಗೆ ಸಿಗುವುದು ಎರಡೇ ವರ್ಷ. ಆದ್ದರಿಂದ ನಾನು ಬೆಲೆಯನ್ನು ಉಳಿದ ಅಪ್‌ಡೇಟ್ ವರ್ಷಗಳಿಂದ ಭಾಗಿಸಿ ನೋಡಿದೆ. ಹೀಗೆ ನೋಡಿದಾಗ ಭಾರೀ ರಿಯಾಯಿತಿಯ ಎಷ್ಟೋ ಫೋನ್‌ಗಳು ವರ್ಷದ ಲೆಕ್ಕದಲ್ಲಿ ದುಬಾರಿ ಅಂತ ಗೊತ್ತಾಯಿತು. ಈ ವಿಷಯದಲ್ಲಿ ಕಡಿಮೆ ಬೆಲೆಯ ಫೋನ್‌ಗಳ ಸ್ಥಿತಿ ಮೊದಲಿಗಿಂತ ಎಷ್ಟೋ ಸುಧಾರಿಸಿದೆ. ಸ್ಯಾಮ್‌ಸಂಗ್ 2024ರಲ್ಲಿ ತಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷಗಳ ಭದ್ರತಾ ಅಪ್‌ಡೇಟ್ ಘೋಷಿಸಿತು. ಅದಕ್ಕೆ ಮುಂಚೆ ಇಷ್ಟು ದೀರ್ಘ ಮಾತು ಸಿಗುತ್ತಿದ್ದದ್ದು ದುಬಾರಿ ಫೋನ್‌ಗಳಿಗೆ.

ಕಾದಷ್ಟೂ ಅಗ್ಗ ಅನ್ನುವುದೂ ಯಾವಾಗಲೂ ನಿಜವಲ್ಲ. 2025ರ ಕೊನೆಯ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿತು. ಅಗ್ಗದ ಫೋನ್‌ಗಳಲ್ಲಿ ಲಾಭದ ಅಂಚು ತೆಳ್ಳಗಿರುವುದರಿಂದ ಅಂಥ ಏರಿಕೆ ಮೊದಲು ತಟ್ಟುವುದು ಅವುಗಳಿಗೇ. ನಾನು ಮೂರು ಮಾದರಿ ಆರಿಸಿಕೊಂಡು, ವಾರವಾರ ಅವುಗಳ ನಿಜವಾದ ಮಾರಾಟ ಬೆಲೆ ಬರೆದಿಟ್ಟೆ. ಡಬ್ಬಿಯ ಮೇಲಿನ ಬೆಲೆ, ಇಷ್ಟು ಪರ್ಸೆಂಟ್ ಕಡಿತ ಅನ್ನುವ ಫಲಕ, ಇವೆರಡನ್ನೂ ಬಿಟ್ಟೆ. ಕೊಳ್ಳುವ ಅವಸರ ಇಲ್ಲದ್ದರಿಂದಲೇ ಇದು ಸಾಧ್ಯವಾಯಿತು.

ಅಮ್ಮನ ದಿನಚರಿಯನ್ನೂ ನೋಡಿಕೊಂಡೆ. ಪ್ರಯಾಣದ ಹಿಂದಿನ ವಾರ, ಆಸ್ಪತ್ರೆಗೆ ಓಡಾಡುವ ಸಮಯ ಇವೆಲ್ಲ ಫೋನ್ ಬದಲಿಸುವ ಹೊತ್ತಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಹತ್ತಿರವಿದ್ದರೆ ಅದು ಮುಗಿದು ದೃಷ್ಟಿ ಸ್ಥಿರವಾಗುವವರೆಗೆ ತಡೆಯುವುದು ಒಳ್ಳೆಯದು. ಪರದೆ ಎಷ್ಟು ದೊಡ್ಡದಿರಬೇಕು ಅನ್ನುವ ಅಂದಾಜೇ ಆಗ ಬದಲಾಗಬಹುದು. ನಾನು ಕೆಲವು ದಿನ ಅವಳ ಜೊತೆಯೇ ಇರಬಹುದಾದ ಸಮಯ ನೋಡಿ ಕೊಂಡೆ. ಯಾವ ರಿಯಾಯಿತಿಗಿಂತಲೂ ನನಗೆ ಇದು ದೊಡ್ಡದು.

ಆಯ್ಕೆಯಲ್ಲಿ ಒಂದು ವಿಷಯಕ್ಕೆ ಗಟ್ಟಿಯಾಗಿ ನಿಂತೆ: ಹಳೆಯದು ಯಾವ ಕಂಪನಿಯದೋ ಹೊಸದೂ ಅದೇ. ಮೆನು, ಕಾಲ್ ಎತ್ತುವ ರೀತಿ, ಐಕಾನ್‌ಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಬೆರಳಿಗೆ ಅಭ್ಯಾಸವಾದದ್ದನ್ನು ಸುಮ್ಮನೆ ಕೆಡಿಸುವುದು ಯಾಕೆ? ಸ್ಟೋರೇಜ್ 128 ಜಿಬಿಗಿಂತ ಕಡಿಮೆ ಬೇಡ ಅಂದುಕೊಂಡೆ. ಜೊತೆಗೆ ಅದು ಇಎಂಎಂಸಿಯೋ ಯುಎಫ್‌ಎಸ್ಸೋ ಅಂತ ನೋಡಿದೆ, ಇವು ಸ್ಟೋರೇಜ್ ಚಿಪ್‌ನ ಎರಡು ಬಗೆ. ಇಎಂಎಂಸಿ ಒಂದು ಹೊತ್ತಿಗೆ ಓದುವುದು ಅಥವಾ ಬರೆಯುವುದು, ಎರಡರಲ್ಲಿ ಒಂದನ್ನೇ ಮಾಡುತ್ತದೆ. ಹಿನ್ನೆಲೆಯಲ್ಲಿ ಆ್ಯಪ್ ಅಪ್‌ಡೇಟ್ ಆಗುತ್ತಿರುವಾಗ ಫೋನ್ ತಡವರಿಸಲು ಇದೂ ಒಂದು ಕಾರಣ. ಯುಎಫ್‌ಎಸ್ ಎರಡನ್ನೂ ಒಟ್ಟಿಗೆ ಮಾಡಬಲ್ಲದು. ರ್‍ಯಾಮ್‌ಗೆ "ಇಷ್ಟು ಹೆಚ್ಚುವರಿ" ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಅದು ಸ್ಟೋರೇಜ್‌ನಿಂದ ಎರವಲು ಪಡೆದದ್ದು, ನಿಜವಾದ ರ್‍ಯಾಮ್‌ನ ವೇಗ ಅದಕ್ಕಿಲ್ಲ. ತೀರಾ ಹತ್ತಿರದ ಫೋಟೋಗೆಂದು ಇಡುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾದಂಥವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಬೆರಳಚ್ಚಿನ ವಿಷಯ ಮಾತ್ರ ಅಮ್ಮನನ್ನೇ ಕರೆದುಕೊಂಡು ಹೋಗಿ ಪರೀಕ್ಷಿಸಿದೆ. ವಯಸ್ಸಾದಂತೆ ಚರ್ಮ ಒಣಗುತ್ತದೆ, ಬೆರಳಿನ ಗೆರೆಗಳು ಸವೆಯುತ್ತವೆ. ಬದಿಯ ಬಟನ್‌ನಲ್ಲಿ ಸೆನ್ಸರ್ ಇದ್ದ ಫೋನ್ ಅವಳ ಬೆರಳನ್ನು ಬೇಗ ಗುರುತಿಸಿತು. ಆಮೇಲೆ ಅದೇ ಬೆರಳನ್ನು ಎರಡು ಸಲ ನೋಂದಾಯಿಸಿದೆ, ತೊಂದರೆ ಇನ್ನೂ ಕಡಿಮೆಯಾಯಿತು. ತೂಕವನ್ನೂ ಅವಳ ಕೈಯೇ ತೀರ್ಮಾನಿಸಿತು. ಒಂದು ಫೋನ್ ಎಲ್ಲದರಲ್ಲೂ ಚೆನ್ನಾಗಿತ್ತು. ಹಿಡಿದು ನೋಡಿ "ಇದು ಭಾರ ಆಯ್ತು ಕಣೋ" ಅಂದಳು. ಅದನ್ನು ಅಲ್ಲೇ ಬಿಟ್ಟೆವು.

ಎರಡು ಫೋನ್ ಒಟ್ಟಿಗೆ ಇಟ್ಟುಕೊಂಡದ್ದರ ಲಾಭ ಕಂಡದ್ದು ಮನೆಗೆ ತಂದ ಮೇಲೆ. 2023ರ ಏಪ್ರಿಲ್‌ನಿಂದ ಒಂದೇ ವಾಟ್ಸಾಪ್ ಖಾತೆಯನ್ನು ಇನ್ನೊಂದು ಫೋನ್‌ಗೂ ಜೋಡಿಸಬಹುದು. ಸಿಮ್ ಹಳೆಯದರಲ್ಲೇ ಇರಲಿ ಅಂತ ಬಿಟ್ಟು, ಹೊಸದನ್ನು ಹೀಗೆ ಜೋಡಿಸಿದೆ. ಸಂದೇಶ ಎರಡರಲ್ಲೂ ಬರುತ್ತಿತ್ತು. ಹೊಸದರಲ್ಲಿ ಏನಾದರೂ ತೋಚದಿದ್ದರೆ ಅಮ್ಮ ಹಳೆಯದನ್ನು ಎತ್ತಿಕೊಳ್ಳುತ್ತಿದ್ದಳು. ಕ್ರಮೇಣ ಹಳೆಯದಕ್ಕೆ ಕೈ ಹೋಗುವುದು ತಾನಾಗಿಯೇ ಕಡಿಮೆಯಾಯಿತು. ನಾನು ಒಮ್ಮೆಯೂ ಒತ್ತಾಯಿಸಬೇಕಾಗಲಿಲ್ಲ.

ಹೊಸದರಲ್ಲಿ ಐಕಾನ್‌ಗಳನ್ನು ಹಳೆಯದರ ಜಾಗದಲ್ಲೇ ಜೋಡಿಸಿದೆ. ಪರದೆಯ ಅಂಚಿನಿಂದ ಎಳೆಯುವ ಪದ್ಧತಿ ತೆಗೆದು, ಕೆಳಗಿನ ಮೂರು ಬಟನ್‌ಗಳನ್ನು ಮರಳಿ ತಂದೆ. ಇದೊಂದು ಮಾಡದಿದ್ದರೆ "ಹಿಂದೆ ಹೋಗೋದು ಹೇಗೆ?" ಅನ್ನುವ ಪ್ರಶ್ನೆಗೆ ಕೊನೆಯೇ ಇರುವುದಿಲ್ಲ. ಬೇಡದ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿದೆ. ಲಾಕ್ ಪರದೆಯಲ್ಲಿ ತುರ್ತು ಸಂಪರ್ಕ, ರಕ್ತದ ಗುಂಪು, ಔಷಧಿಗಳ ವಿವರ ಕಾಣುವಂತೆ ಇಟ್ಟೆ.

ಅವಳು ತಯಾರಾದ ಮೇಲೆ ಸಿಮ್ ಬದಲಿಸಿದೆವು. ಹೊಸದರಲ್ಲಿ ಜೋಡಣೆ ತೆಗೆದು, ವಾಟ್ಸಾಪ್‌ನೊಳಗಿನ ಚಾಟ್ ವರ್ಗಾವಣೆ ಬಳಸಿ ಕ್ಯೂಆರ್ ಕೋಡ್ ಮೂಲಕ ಹಳೆಯ ಮಾತುಕತೆ ಪೂರ್ತಿ ತಂದೆವು. ಇದಕ್ಕೆ ಹಳೆಯ ಫೋನ್ ಪಕ್ಕದಲ್ಲೇ, ಕೆಲಸ ಮಾಡುವ ಸ್ಥಿತಿಯಲ್ಲಿ ಇರಲೇಬೇಕು. ಸತ್ತ ಫೋನ್‌ನಿಂದ ಇದು ಆಗದ ಕೆಲಸ. ಬ್ಯಾಂಕ್ ಆ್ಯಪ್ ಹೊಸ ಫೋನ್‌ನಲ್ಲಿ ಮತ್ತೆ ನೋಂದಣಿ ಕೇಳಿತು. ಪಿನ್ ಅಮ್ಮನೇ ಹಾಕಿದಳು, ನಾನು ಬೇರೆ ಕಡೆ ನೋಡುತ್ತಿದ್ದೆ. ಅದು ಅವಳ ಖಾತೆ. ಮಕ್ಕಳಾದರೂ ಪಿನ್ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನುವುದು ನನ್ನ ನಿಲುವು.

ಹಳೆಯ ಫೋನನ್ನು ತಕ್ಷಣ ಅಳಿಸಲಿಲ್ಲ. ಎಲ್ಲಾ ಫೋಟೋ ಬಂದಿದೆಯೇ, ಹಳೆಯ ನಂಬರ್‌ಗಳು ಇವೆಯೇ ಅಂತ ಅಮ್ಮ ಒಂದೊಂದಾಗಿ ನೋಡಿದ ಮೇಲೆಯೇ ಆ ಕೆಲಸ. ಮೊದಲು ಗೂಗಲ್ ಖಾತೆ ತೆಗೆದೆ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿದೆ. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನ್ ಮತ್ತೆ ಅದೇ ಖಾತೆಯ ಪಾಸ್‌ವರ್ಡ್ ಕೇಳಿ ನಿಂತುಬಿಡಬಹುದು. ಫೋನನ್ನು ಕಸದ ಡಬ್ಬಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವ ಕಡೆ ಕೊಟ್ಟೆ. ಹೊಸ ಫೋನ್‌ಗೆ ಅಪ್‌ಡೇಟ್ ನಿಲ್ಲುವ ವರ್ಷವನ್ನು ನನ್ನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ, ಅದಕ್ಕಿಂತ ಆರು ತಿಂಗಳು ಮುಂಚೆ ನೆನಪಿಸುವಂತೆ.