ಕ್ಯಾಲಿಫೋರ್ನಿಯಾದಲ್ಲಿ ವೊಕೇಷನಲ್ ನರ್ಸ್ ಪರವಾನಗಿ ಪಡೆಯುವ ಬಗೆ

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಪ್ರಾಕ್ಟಿಕಲ್ ನರ್ಸ್ ಎನಿಸಿಕೊಳ್ಳುವವರನ್ನು ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ಗಳಲ್ಲಿ ವೊಕೇಷನಲ್ ನರ್ಸ್ ಎನ್ನುತ್ತಾರೆ. ಇವರು ವೈದ್ಯರ ಅಥವಾ ನೋಂದಾಯಿತ ನರ್ಸ್‌ಗಳ ನಿರ್ದೇಶನದಲ್ಲಿ ಕೆಲಸ ಮಾಡುತ್ತಾರೆ.

ಕ್ಯಾಲಿಫೋರ್ನಿಯಾದಲ್ಲಿ ಅಭ್ಯರ್ಥಿಗೆ ಕನಿಷ್ಠ 17 ವರ್ಷ ತುಂಬಿರಬೇಕು. ಹನ್ನೆರಡನೆಯ ತರಗತಿ ಅಥವಾ ಅದಕ್ಕೆ ಸಮಾನವಾದ ಶಿಕ್ಷಣ ಮುಗಿದಿರಬೇಕು. ಶಾಲೆಯನ್ನು ಆರಿಸುವಾಗ ಶುಲ್ಕಕ್ಕಿಂತ ಮೊದಲು ನೋಡಬೇಕಾದದ್ದು ರಾಜ್ಯದ ವೊಕೇಷನಲ್ ನರ್ಸಿಂಗ್ ಮಂಡಳಿಯ ಮಾನ್ಯತೆಯನ್ನು. ಏಕೆಂದರೆ ಮಾನ್ಯತೆಯಿಲ್ಲದ ಕೋರ್ಸು ಎಷ್ಟೇ ಅಗ್ಗವಾಗಿದ್ದರೂ ಅದನ್ನು ನೆಚ್ಚಿ ಪರೀಕ್ಷೆಗೆ ಕೂರಲಾಗದು. ತರಬೇತಿಯು ಕನಿಷ್ಠ 1,530 ಗಂಟೆಗಳದ್ದಾಗಿದ್ದು, ಅದರಲ್ಲಿ 576 ಗಂಟೆ ಪಾಠಕ್ಕೆ, 954 ಗಂಟೆ ರೋಗಿಗಳ ಆರೈಕೆಯ ಪ್ರಾಯೋಗಿಕ ಅಭ್ಯಾಸಕ್ಕೆ ಮೀಸಲು. ಈ ಅನುಪಾತವೇ ಹೇಳುವಂತೆ, ಇದು ಪುಸ್ತಕಕ್ಕಿಂತ ಕೈಕೆಲಸಕ್ಕೆ ಒತ್ತು ಕೊಡುವ ವಿದ್ಯೆ. ಹಗಲು ಬೇರೆ ಉದ್ಯೋಗ ಮಾಡುವವರು ವಾರ್ಡಿನ ವೇಳಾಪಟ್ಟಿಯನ್ನು ಸೇರುವ ಮುನ್ನವೇ ಕೇಳಿ ತಿಳಿಯುವುದು ಒಳಿತು.

ಕೋರ್ಸು ಮುಗಿದ ಮೇಲೆ ಮಂಡಳಿಗೆ ಅರ್ಜಿ ಸಲ್ಲಿಸಿ, ಬೆರಳಚ್ಚು ನೀಡಿ, ಅಪರಾಧ ಹಿನ್ನೆಲೆಯ ಪರಿಶೀಲನೆಗೆ ಒಳಪಡಬೇಕು. ಅನುಮತಿ ಬಂದ ಬಳಿಕ ಎನ್‌ಕ್ಲೆಕ್ಸ್-ಪಿಎನ್ ಎಂಬ ಕಂಪ್ಯೂಟರ್ ಪರೀಕ್ಷೆ ಇರುತ್ತದೆ. ಅದು ಗರಿಷ್ಠ ಐದು ಗಂಟೆಯದು. ಉತ್ತರಗಳ ಮಟ್ಟವನ್ನು ನೋಡಿಕೊಂಡು 85ರಿಂದ 150 ಪ್ರಶ್ನೆಗಳನ್ನು ಯಂತ್ರವೇ ಆಯ್ದು ಕೇಳುವುದರಿಂದ, ಪರೀಕ್ಷೆ ಬೇಗ ಮುಗಿದರೆ ಗಾಬರಿಯಾಗಬೇಕಿಲ್ಲ.

ಕರ್ನಾಟಕದಲ್ಲಿ ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ಅಲ್ಲಿಗೆ ಹೋದವರು ಈ ಹಾದಿ ಹಿಡಿಯುವ ಮೊದಲು, ತಮಗೆ ನೋಂದಾಯಿತ ನರ್ಸ್ ಪರವಾನಗಿಗೇ ಅರ್ಹತೆಯಿದೆಯೇ ಎಂದು ವಿಚಾರಿಸಬೇಕು. ವೊಕೇಷನಲ್ ನರ್ಸ್ ಪರವಾನಗಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಅದಕ್ಕೆ 30 ಗಂಟೆಗಳ ಮುಂದುವರಿಕೆ ಶಿಕ್ಷಣ ಬೇಕು.