ಫೈಬರ್‌ಗ್ಲಾಸ್ ದೋಣಿಗೆ ಪದರ ಹಾಕುವ ಕ್ರಮ

ಅಚ್ಚಿಗೆ ಮೇಣ ಸವರಿ ಹೊಳಪು ಬರುವಂತೆ ಉಜ್ಜಿದ ಮೇಲೆ ಜೆಲ್‌ಕೋಟ್ (ದೋಣಿಯ ಹೊರಮೈಯಾಗುವ ಬಣ್ಣದ ಪದರ) ಬಳಿದು, ಮುಟ್ಟಿದಾಗ ಅಂಟಂಟಾಗಿದ್ದರೂ ಬೆರಳಿಗೆ ಬಣ್ಣ ಹತ್ತದ ಹದಕ್ಕೆ ಅದು ಬರುವವರೆಗೆ ಕಾಯಬೇಕು. ಗಾಜಿನ ನಾರನ್ನು ಹಿಡಿದಿಡುವ ದ್ರವವಾದ ಪಾಲಿಯೆಸ್ಟರ್ ರೆಸಿನ್‌ಗೆ, ಅದು ಗಟ್ಟಿಯಾಗಲೆಂದು, ಸಾಮಾನ್ಯವಾಗಿ ಅದರ ತೂಕದ ಶೇ. 1ರಿಂದ 2ರಷ್ಟು ಕ್ಯಾಟಲಿಸ್ಟ್ ಸೇರಿಸುತ್ತಾರೆ. ಸೆಕೆಯಲ್ಲಿ ಮಿಶ್ರಣ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸುವುದು ಲೇಸು. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ದ್ರಾವಣ ಮತ್ತು ಕ್ಯಾಟಲಿಸ್ಟ್ ನೇರವಾಗಿ ಬೆರೆತರೆ ಸ್ಫೋಟವಾಗಬಹುದು. ಆದ್ದರಿಂದ ಕೋಬಾಲ್ಟನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಕ್ಯಾಟಲಿಸ್ಟ್ ಹಾಕಬೇಕೆಂಬುದನ್ನು ಹೊಸಬರಿಗೆ ಮೊದಲ ದಿನವೇ ತಿಳಿಸಲೇಬೇಕು.

ಜೆಲ್‌ಕೋಟ್ ಮೇಲೆ ಮ್ಯಾಟ್ (ಗಾಜಿನ ನಾರಿನ ಹಾಳೆ) ಹಾಸಿ, ರೆಸಿನ್‌ನಿಂದ ನೆನೆಸಿ, ಅದರ ಬಿಳುಪು ಮಾಯವಾಗಿ ಗಾಳಿಗುಳ್ಳೆಗಳೆಲ್ಲ ಅಂಚಿಗೆ ಸರಿದುಹೋಗುವವರೆಗೆ ರೋಲರ್ ಆಡಿಸಬೇಕು. ಒಳಗುಳಿದ ಗುಳ್ಳೆಯೇ ಮುಂದೆ ಪದರ ಬಿಡುವ ಜಾಗ. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಯಿಂದ ರಕ್ಷಣೆಗೆ ಬಟ್ಟೆಯ ಮುಖಗವಸು ಸಾಲದು, ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್ ಬೇಕು.